ಮುಚ್ಚಳ ತೆಗೆಯುವ ಹಿಡಿ: ಒಂದು ವಸ್ತು ರೂಪುಗೊಂಡ ಬಗೆ

ಯಾರಾದರೂ ಒಂದು ವಸ್ತುವಿನ ಜೊತೆ ಗುದ್ದಾಡುತ್ತಿದ್ದರೆ ನನ್ನ ಕಣ್ಣು ಅಲ್ಲೇ ನಿಲ್ಲುತ್ತದೆ. ಚಿಕ್ಕವನಿದ್ದಾಗಿನಿಂದ ಇದೇ ಚಾಳಿ. ಸಹಾಯಕ್ಕೆ ಹೋಗುವ ಮೊದಲು ಅವರ ಕೈ ಏನು ಮಾಡುತ್ತಿದೆ ಅಂತ ನೋಡುತ್ತೇನೆ. ಮನೆಯವರಿಗೆ ಸಿಟ್ಟು ಬರುತ್ತದೆ, ಅದು ನ್ಯಾಯವೇ.

ಐಡಿಯಾ ಎಲ್ಲಿಂದ ಬರುತ್ತದೆ ಎಂದು ತುಂಬ ಜನ ಕೇಳುತ್ತಾರೆ. ಸುಮ್ನೆ ಕೂತು ಯೋಚಿಸಿದರೆ ನನಗಂತೂ ಬಂದಿಲ್ಲ. ಹಿಡಿಗೆ ಬಟ್ಟೆ ಸುತ್ತಿದ ಪಾತ್ರೆ, ರಬ್ಬರ್ ಬ್ಯಾಂಡ್ ಹಾಕಿದ ರಿಮೋಟ್, ಕಾಲಿನ ಕೆಳಗೆ ಮಡಚಿದ ಕಾಗದ ಇಟ್ಟ ಮೇಜು, ಇಂಥವನ್ನೇ ಬರೆದಿಟ್ಟುಕೊಳ್ಳುತ್ತೇನೆ. ಜನ ತಾವೇ ತೇಪೆ ಹಾಕಿಕೊಂಡಿದ್ದಾರೆ ಅಂದರೆ ಅಲ್ಲಿ ತೊಂದರೆ ನಿಜ. ತೇಪೆಯೇ ಇಲ್ಲದ ಕಡೆ ವಸ್ತು ಚೆನ್ನಾಗಿ ಮೂಡಿಬರಬಹುದು, ಕೊಳ್ಳುವವರು ಮಾತ್ರ ಸಿಗುವುದಿಲ್ಲ.

ನಾನು ಜಾಸ್ತಿ ಕಾಲ ಕೆಲಸ ಮಾಡಿದ್ದು ಗಾಜಿನ ಜಾರ್ ಮುಚ್ಚಳ ತೆಗೆಯುವ ಒಂದು ಹಿಡಿಯ ಮೇಲೆ. ಬೆರಳಿನ ಗಂಟುಗಳಲ್ಲಿ ಸಂಧಿವಾತ ಇರುವವರಿಗೆ ಈ ಮುಚ್ಚಳ ದೊಡ್ಡ ತಲೆನೋವು. ಒದ್ದೆ ಬಟ್ಟೆ, ರಬ್ಬರ್ ಗ್ಲೌಸ್, ಚಮಚದಿಂದ ಕುಟ್ಟುವುದು ಅವರ ತೇಪೆಗಳು. ಮಾರಾಟಕ್ಕಿರುವ ಎಷ್ಟೋ ಸಾಧನಗಳು ಹಿಡಿತ ಬಿಗಿ ಮಾಡುತ್ತವೆ, ಅಷ್ಟೇ. ಆದರೆ ಮುಚ್ಚಳ ಅಲ್ಲಾಡದೆ ಇರುವುದಕ್ಕೆ ಮುಖ್ಯ ಕಾರಣ, ಒಳಗೆ ಗಾಳಿಯ ಒತ್ತಡ ಕಡಿಮೆ, ಹೊರಗಿನದು ಒತ್ತಿ ಕೂತಿದೆ. ಲೆಕ್ಕ ಹಾಕಿ ನೋಡಿ. 7 ಸೆಂ.ಮೀ. ಅಗಲದ ಮುಚ್ಚಳದ ಮೇಲ್ಮೈ ಸುಮಾರು 38 ಚದರ ಸೆಂ.ಮೀ. ಒಂದೊಂದು ಚದರ ಸೆಂ.ಮೀ. ಮೇಲೂ ಹೊರಗಿನ ಗಾಳಿ ಸುಮಾರು 1 ಕೆ.ಜಿ. ಭಾರ ಹೇರುತ್ತದೆ. ಒಳಗಿನ ಒತ್ತಡ ಅದರ ಅರ್ಧ ಇದ್ದರೂ ಉಳಿದ 19 ಕೆ.ಜಿ. ಮುಚ್ಚಳದ ಮೇಲೇ ಇರುತ್ತದೆ. ಅದನ್ನು ಹೊತ್ತುಕೊಂಡು ತಿರುಗಿಸುವ ಬದಲು ಅಂಚನ್ನು ಒಂಚೂರು ಎತ್ತಿ ಗಾಳಿ ಒಳಗೆ ಬಿಟ್ಟರೆ? ಟಪ್ ಅನ್ನುತ್ತದೆ. ಆಮೇಲೆ ಎರಡು ಬೆರಳು ಸಾಕು.

ಈ ಉಪಾಯ ನನ್ನದಲ್ಲ. ಪೇಟೆಂಟ್ ದಾಖಲೆಗಳಲ್ಲಿ ಇಂಥ ಸನ್ನೆಗೋಲುಗಳು ಆಗಲೇ ಇದ್ದವು. ನನಗೆ ಸಿಕ್ಕ ಸಂದು ಬೇರೆ. ಜಾಸ್ತಿ ಎತ್ತಿದರೆ ಅಂಚು ಸೊಟ್ಟಗಾಗಿ ಮುಚ್ಚಳ ಮತ್ತೆ ಬಿಗಿಯಾಗಿ ಕೂರುವುದಿಲ್ಲ. ನೋಯುವ ಕೈಗೆ ಬಲ ಹಾಕುವುದು ಎಷ್ಟು ಕಷ್ಟವೋ ಹಾಕಿದ ಬಲವನ್ನು ಹದವಾಗಿ ನಿಲ್ಲಿಸುವುದೂ ಅಷ್ಟೇ ಕಷ್ಟ. ಅದಕ್ಕೆ ಅಂಚನ್ನು ಎತ್ತುವ ಕೊಕ್ಕೆಯ ಕೆಳಗೆ ಒಂದು ಸಣ್ಣ ತಡೆ ಇಟ್ಟೆ. ಅದು ಗಾಜಿಗೆ ತಾಗಿದ ಕೂಡಲೇ ಹಿಡಿ ನಿಲ್ಲುತ್ತದೆ. ನನ್ನ ಹೊಸತು ಅಂದರೆ ಇಷ್ಟೇ.

ಮಾದರಿಯನ್ನು ಮೊದಲು ರಟ್ಟಿನಲ್ಲಿ, ಆಮೇಲೆ ಮರದಲ್ಲಿ ಮಾಡುತ್ತೇನೆ. ಥ್ರೀಡಿ ಪ್ರಿಂಟರ್ ಕೊನೆಗೆ. ಪರದೆಯ ಮೇಲೆ ಎಲ್ಲವೂ ಚೆಂದ ಕಾಣುತ್ತದೆ, ಅಲ್ವಾ? ಪ್ರಿಂಟ್ ಮಾಡಿದ ತುಂಡು ಪದರ ಪದರ ಕೂಡುವ ಕಡೆ ದುರ್ಬಲ. ಹಾಗಾಗಿ ಕೊಕ್ಕೆಯನ್ನು ಮಲಗಿಸಿ ಪ್ರಿಂಟ್ ಮಾಡಬೇಕು. ಇಂಥ ಪ್ರಿಂಟರ್‌ಗೆ ಸಾಮಾನ್ಯವಾಗಿ ಹಾಕುವ ಪಿಎಲ್‌ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿಗೇ ಮೆತ್ತಗಾಗುತ್ತದೆ, ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಟ್ಟು ಬರಬೇಡಿ. ಬ್ರಿಟನ್ನಿನ ವಿನ್ಯಾಸಕಾರ ಜೇಮ್ಸ್ ಡೈಸನ್ ತಮ್ಮ ವ್ಯಾಕ್ಯೂಮ್ ಕ್ಲೀನರ್‌ಗೆ 5,127 ಮಾದರಿ ಮಾಡಿದ್ದನ್ನು ಎಲ್ಲರೂ ಛಲದ ಕಥೆಯಾಗಿ ಹೇಳುತ್ತಾರೆ. ನನಗೆ ಅದರಲ್ಲಿ ಹಿಡಿಸಿದ್ದು, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡುವ ಅವರ ಪದ್ಧತಿ. ಎರಡು ಬದಲಿಸಿದರೆ ಯಾವುದರಿಂದ ಸರಿಹೋಯಿತು ಅನ್ನುವುದೇ ಗೊತ್ತಾಗುವುದಿಲ್ಲ.

ಪರೀಕ್ಷೆಗೆ ಕೊಡುವಾಗ ನಾನು ಬಾಯಿ ಬಿಡುವುದಿಲ್ಲ. "ಹೀಗೆ ಹಿಡೀರಿ" ಅಂದರೆ ಪರೀಕ್ಷೆ ಅಲ್ಲಿಗೆ ಮುಗಿಯಿತು. ಒಬ್ಬ ಹಿರಿಯರು ತಲೆಕೆಳಗಾಗಿ ಹಿಡಿದರು. ಇನ್ನೊಬ್ಬರೂ ಹಾಗೇ ಮಾಡಿದರು. ಬಾಣದ ಗುರುತು ಹಾಕಿ ಕೈ ತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡದೆ ಎರಡೂ ಮಗ್ಗುಲಿಗೆ ಕೊಕ್ಕೆ ಇಟ್ಟೆ. ಹಿಡಿಯನ್ನು ದಪ್ಪ ಮಾಡಿದ್ದೂ ಅವರನ್ನು ನೋಡಿಯೇ. ಸಂಧಿವಾತ ಇದ್ದ ಹೆಂಡತಿಯ ಕಷ್ಟ ನೋಡಿ ಅಮೆರಿಕದ ಉದ್ಯಮಿ ಸ್ಯಾಮ್ ಫಾರ್ಬರ್ ದಪ್ಪ ಮೆತ್ತನೆಯ ಹಿಡಿಯ ಸಿಪ್ಪೆ ತೆಗೆಯುವ ಸಾಧನವನ್ನು 1990ರಲ್ಲಿ ಮಾರುಕಟ್ಟೆಗೆ ತಂದರು. ಕೈ ಗಟ್ಟಿ ಇದ್ದವರೂ ಅದನ್ನೇ ಕೊಂಡರು.

ಪೇಟೆಂಟ್ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಅರ್ಜಿ ಹಾಕುವ ಮೊದಲೇ ನಾಲ್ಕು ಜನರಿಗೆ ತೋರಿಸಿದರೆ ಎಷ್ಟೋ ದೇಶಗಳಲ್ಲಿ ಹಕ್ಕು ಹೋಗುತ್ತದೆ. ಅದಕ್ಕೇ ಪರೀಕ್ಷೆಗೆ ಬರುವವರಿಂದ ಗುಟ್ಟು ಕಾಯುವ ಪತ್ರಕ್ಕೆ ಸಹಿ ತೆಗೆದುಕೊಳ್ಳುತ್ತೇನೆ. ಒಂದು ದೇಶದಲ್ಲಿ ಅರ್ಜಿ ಹಾಕಿದ ಮೇಲೆ ಬೇರೆ ದೇಶಗಳಿಗೆ 12 ತಿಂಗಳ ಅವಕಾಶ ಇರುತ್ತದೆ.

ಕರಗಿದ ಪ್ಲಾಸ್ಟಿಕ್ ತುಂಬುವ ಉಕ್ಕಿನ ಅಚ್ಚು ಮಾಡಿಸುವಾಗ ಮಾದರಿಯ ಆಕಾರ ಮತ್ತೆ ಬದಲಾಗುತ್ತದೆ. ತುಂಡು ಅಚ್ಚಿನಿಂದ ಸಲೀಸಾಗಿ ಹೊರಬರಲು ನೇರ ಗೋಡೆಗಳನ್ನು 1–2 ಡಿಗ್ರಿ ಓರೆ ಮಾಡಬೇಕು. ನನ್ನ ದಪ್ಪ ಹಿಡಿ ಇಡೀ ಪ್ಲಾಸ್ಟಿಕ್ ಆಗಿದ್ದರೆ ಒಳಭಾಗ ನಿಧಾನಕ್ಕೆ ಆರಿ ಹೊರಮೈಯಲ್ಲಿ ಗುಳಿ ಬೀಳುತ್ತಿತ್ತು. ಹಾಗಾಗಿ ಒಳಗೆ ಟೊಳ್ಳು ಬಿಟ್ಟು ತೆಳ್ಳಗಿನ ಅಡ್ಡಪಟ್ಟಿ ಕೊಟ್ಟೆವು. ಕೊಕ್ಕೆಯನ್ನು ಮಾತ್ರ ಬೇಕಾದದ್ದಕ್ಕಿಂತ ತುಸು ತೆಳ್ಳಗೆ ಮಾಡಲು ಹೇಳಿದ್ದೆ. ಅಚ್ಚಿನ ಉಕ್ಕನ್ನು ಇನ್ನಷ್ಟು ಕೊರೆದರೆ ಕೊಕ್ಕೆ ದಪ್ಪವಾಗುತ್ತದೆ. ಕೊರೆದದ್ದನ್ನು ಮತ್ತೆ ತುಂಬಿಸುವುದು ದೊಡ್ಡ ರಗಳೆ.