ಕೆರೆ ತುಂಬಿರುವಾಗಲೇ ಕೆಸರು ತೆಗೆದೆ

ನಮ್ಮ ಕಾಸರಗೋಡು ಕಡೆ ತೋಟದ ಕೆರೆಯ ಕೆಸರು ತೆಗೆಯುವುದು ಏಪ್ರಿಲ್, ಮೇಯಲ್ಲಿ. ನೀರು ತಳ ಹಿಡಿದ ಮೇಲೆ ಆಳು ಇಳಿಸಿ ಬುಟ್ಟಿಯಲ್ಲಿ ಹೊರಿಸುವುದು. ನವೆಂಬರಿನಲ್ಲಿ, ಕೆರೆ ತುಂಬಿರುವಾಗ, ಮೋಟಾರೇ ಇಲ್ಲದೆ ತೆಗೆಯುತ್ತೇನೆ ಅಂದಾಗ ಪೆರ್ಲ ಪೇಟೆಯಲ್ಲಿ ನಕ್ಕವರೇ ಜಾಸ್ತಿ. ಈಗ ಮೂರನೇ ವರ್ಷ. ನಕ್ಕವರಲ್ಲಿ ಇಬ್ಬರು ನನ್ನ ಪೈಪನ್ನೇ ಕೇಳಿ ಒಯ್ದಿದ್ದಾರೆ.

ಕೆರೆ ಮುರಕಲ್ಲು, ಅಂದರೆ ಜಂಬಿಟ್ಟಿಗೆ ಕಲ್ಲು ಕಡಿದು ಮಾಡಿದ್ದು. ಸುಮಾರು 30 ಅಡಿ ಉದ್ದ, 20 ಅಗಲ, 8 ಆಳ. ನೀರಿಗಾಗಿ ಗುಡ್ಡೆಗೆ ಅಡ್ಡ ಕೊರೆದ ಸುರಂಗದಿಂದ ಬೆರಳು ಗಾತ್ರದ ನೀರು ಬೀಳುತ್ತದೆ. ಅಡಿಕೆಯ ಹಾಳೆ, ಸೋಗೆ, ಹಲಸಿನ ಎಲೆ ಎಲ್ಲಾ ಅದರೊಳಗೇ. ತಳದಲ್ಲಿ ಮೊಣಕಾಲುದ್ದ ಕಪ್ಪು ಕೆಸರು. ದೋಟಿ (ಕೊಕ್ಕೆ ಇರುವ ಉದ್ದ ಕೋಲು) ಚುಚ್ಚಿದರೆ ಗುಳುಗುಳು ಗುಳ್ಳೆ, ಕೊಳೆತ ಮೊಟ್ಟೆಯ ವಾಸನೆ.

ಮೊದಲು ಒಂದೂವರೆ ಎಚ್‌ಪಿ ಪಂಪಿನಲ್ಲಿ ಎಳೆಸಿದೆ. ಹಾಳೆಯ ನಾರು ಪಂಪಿನೊಳಗೆ ತಿರುಗುವ ಇಂಪೆಲ್ಲರಿಗೆ ಸುತ್ತಿ ಮೋಟಾರಿನ ಕಾಯಿಲು ಸುಟ್ಟಿತು. 4,500 ರೂಪಾಯಿ ಹೋಯಿತು. ಮರುವರ್ಷ ಮೇಯಲ್ಲಿ ನಾಲ್ಕು ಆಳು, ಮೂರು ದಿನ. ಊಟ ಸೇರಿ 14,000 ಹತ್ತಿರ ಆಯಿತು. ಅದಕ್ಕಿಂತ ಹೊಟ್ಟೆ ಉರಿದದ್ದು ಇದ್ದ ಕೊನೆಯ ನೀರನ್ನೂ ಹೊರಗೆ ಚೆಲ್ಲಿದ್ದಕ್ಕೆ. ಹತ್ತು ದಿನ ಅಡಿಕೆಗೆ ನೀರಿಲ್ಲ. ಬೇಕಾದ ಹೊತ್ತಿನಲ್ಲೇ ಕೆರೆ ಖಾಲಿ ಮಾಡುವುದು ಯಾವ ಲೆಕ್ಕ?

ನನ್ನ ಕೆಳಗಿನ ತೋಟ ಕೆರೆಯ ನೀರಿಗಿಂತ 12 ಅಡಿ ತಗ್ಗಿನಲ್ಲಿದೆ. ಹಾಗಾಗಿ ಸೈಫನ್: ತುಂಬಿದ ಪೈಪಿನ ನೀರು ತಗ್ಗಿಗೆ ಇಳಿಯುತ್ತಾ ಕೆರೆಯ ನೀರನ್ನು ಕಟ್ಟೆ ದಾಟಿಸಿ ತಾನೇ ಎಳೆಯುತ್ತದೆ. ಎರಡೂವರೆ ಇಂಚಿನ ಪೈಪು, ಕೆರೆಯ ಬದಿಗೆ ಸಕ್ಷನ್ ಹೋಸು, ಕೆಳಗೆ ಗೇಟ್ ವಾಲ್ವು. ಎಲ್ಲಾ ಸೇರಿ 7,000 ದಾಟಿರಲಿಕ್ಕಿಲ್ಲ. ವಾಲ್ವು ಮುಚ್ಚಿ, ಕಟ್ಟೆಯ ಮೇಲಿನ ಟೀಯಿಂದ (ಮೂರು ಬಾಯಿಯ ಪೈಪು ಜೋಡಣೆ) ನೀರು ತುಂಬಿಸಿ, ಮುಚ್ಚಳ ಬಿಗಿದು ವಾಲ್ವು ತೆರೆಯುವುದು. ಅಷ್ಟೇ.

ಅಷ್ಟೇ ಅಂದರೂ ಮೊದಲ ವಾರ ಎರಡು ನಿಮಿಷಕ್ಕೊಮ್ಮೆ ನಿಲ್ಲುತ್ತಿತ್ತು. ಕಟ್ಟೆಯ ಮೇಲಿನ ಜೋಡಣೆ ಗಾಳಿ ಎಳೆಯುತ್ತಿತ್ತು. ಸೈಕಲ್ ಟ್ಯೂಬು ಸುತ್ತಿದ ಮೇಲೆ ಸರಿಯಾಯಿತು. ಆಮೇಲೆ ಮುರಕಲ್ಲಿನ ಹರಳು ಪೈಪಿನಲ್ಲೇ ಕೂತಿತು. 120 ಅಡಿ ಪೈಪು, ನಡುವೆ ಸಮತಟ್ಟು. 60 ಅಡಿಗೆ ಕಡಿದು, ನೇರ ತಿರುವಿನ ಎಲ್ಬೋ ತೆಗೆದು 45 ಡಿಗ್ರಿಯ ಎರಡು ಬೆಂಡು ಹಾಕಿದೆ. ನೀರಿಗೆ ರಭಸ ಬಂತು. ಪೈಪಿಗೆ ಕಿವಿ ಇಟ್ಟರೆ ಈಗ ಹರಳು ಉರುಳುವುದು ಕೇಳುತ್ತದೆ. ಸದ್ದು ನಿಂತರೆ ಬರೀ ನೀರು ಹೋಗುತ್ತಿದೆ, ಹೋಸಿನ ಬಾಯಿ ಸರಿಸಬೇಕು ಅಂತ ಅರ್ಥ.

ಹಾಳೆಯನ್ನು ಮಾತ್ರ ಮೊದಲೇ ದೋಟಿಯ ಕೊಕ್ಕೆಯಲ್ಲಿ ಎಳೆದು ಹಾಕಲೇಬೇಕು. ಹೋಸಿನ ಬಾಯಿಗೆ ನಾನು ಏನು ಕಟ್ಟಿದ್ದೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಎರಡು ವರ್ಷ ತಲೆ ಕೆಡಿಸಿಕೊಂಡಿದ್ದೇನೆ. ಕೆರೆ ಹತ್ತಿರ ಬಂದವರಿಗೆ ತೋರಿಸುತ್ತೇನೆ.

ದಿನಕ್ಕೆ 20 ನಿಮಿಷ, ಒಂದೇ ಮೂಲೆ. ನೀರು ಅರ್ಧ ಅಡಿ ಇಳಿಯುತ್ತದೆ. ಮರುದಿನ ಬೆಳಗ್ಗೆ ಸುರಂಗ ಅದನ್ನು ತುಂಬಿಸಿರುತ್ತದೆ. ಮೊದಲ ಸಲ ಆಸೆಗೆ ಬಿದ್ದು ಇಡೀ ತಳ ಕಲಕಿದ್ದೆ. ಮರುದಿನ ಕಾಟ್ಲ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಹನ್ನೊಂದೋ ಹನ್ನೆರಡೋ ಸತ್ತವು. ಕೊಳೆತದ್ದು ಮೇಲೆದ್ದು ನೀರಿನ ಆಮ್ಲಜನಕ ತಿಂದರೆ ಮೀನು ಉಳಿಯುತ್ತಾ? 18 ದಿನದಲ್ಲಿ ಕೆಲಸ ಮುಗಿಯಿತು. ನೀರು ತಿಳಿಯಾದಾಗ ಅಜ್ಜನ ಕಾಲದಲ್ಲಿ ಕಲ್ಲು ಕಡಿದ ಪಿಕ್ಕಾಸಿನ ಗೀರು ತಳದಲ್ಲಿ ಕಂಡಿತು. ನಾನು ಅದನ್ನು ನೋಡಿದ್ದೇ ಮೊದಲು.

ಹಸಿ ಕೆಸರನ್ನು ಕರಿಮೆಣಸಿನ ಬುಡಕ್ಕೆ ಹಾಕಬೇಡಿ. ನನ್ನ ನಾಲ್ಕು ಬಳ್ಳಿ ಹಳದಿಯಾಗಿ ಎರಡು ಹೋದವು. ಅಡಿಕೆಯ ಬುಡಕ್ಕೆ ತೊಂದರೆ ಇಲ್ಲ. ಮೆಣಸಿಗಾದರೆ ಒಂದು ತಿಂಗಳು ಒಣಗಿಸಿ, ಸ್ವಲ್ಪವೇ ಹಾಕುತ್ತೇನೆ.

ಕಸವೇ ಬೀಳದಿರಲಿ ಅಂತ 3,000 ಕೊಟ್ಟು ನೆರಳು ಬಲೆಯನ್ನೂ ಕಟ್ಟಿ ನೋಡಿದೆ. ಜುಲೈ ಮಳೆಗೆ ಒದ್ದೆ ಹಾಳೆಗಳ ಭಾರಕ್ಕೆ ಜೋತುಬಿದ್ದು ಹರಿಯಿತು. ಈ ವರ್ಷ ಹಲಸಿನ ಬದಿಗೆ ಮಾತ್ರ, ಮಳೆ ಬಿಟ್ಟ ಮೇಲೆ, ಓರೆಯಾಗಿ ಕಟ್ಟಿದ್ದೇನೆ. ಎಲೆ ಜಾರಿ ಕಟ್ಟೆಯ ಹೊರಗೆ ಬೀಳುತ್ತಿದೆ.