ನಮ್ಮ ಬ್ಯಾಚಿನ ಸುದ್ದಿ ಹಾಳೆ ಕೊನೆಗೂ ತನ್ನ ಕಾಲ ಮೇಲೆ ನಿಂತಿತು: ಡೊಂಬಿವಲಿಯಿಂದ ನನ್ನ ಅನುಭವ

ಕಳೆದ ಸಂಚಿಕೆಗೆ ಸುಮಾರು 20 ಮಂದಿ ನಾನು ಕೇಳದೆಯೇ ಸುದ್ದಿ ಕಳಿಸಿದರು. ಹಳೆಯ ಸಹಪಾಠಿಗಳ ಸುದ್ದಿ ಕಲೆಹಾಕುವ ಉಸಾಬರಿಗೆ ಬಿದ್ದವರಿಗೆ ಈ ಸಂಖ್ಯೆಯ ತೂಕ ಗೊತ್ತಾಗುತ್ತದೆ. "ಗ್ರೂಪ್ ಐತೆಲ್ಲೋ, ಮತ್ತ್ಯಾಕಪಾ ಇದು?" ಎಂದವರೇ ಈಗ ಹಾಳೆ ನಾಲ್ಕು ದಿನ ತಡವಾದರೆ ಫೋನ್ ಮಾಡಿ ಬೈಯುತ್ತಾರೆ. ನಾರದ ಎಂದು ಹೆಸರಿಟ್ಟಿದ್ದಾರೆ, ಇರಲಿ. ನಾರದ ಬರದಿದ್ದರೆ ಪುರಾಣದಲ್ಲಿ ಯಾವ ಕತೆಯೂ ಮುಂದೆ ಸಾಗುವುದಿಲ್ಲ.

ನಮ್ಮದು ಧಾರವಾಡದ ಕಾಲೇಜೊಂದರ 1987ರ ಬಿ.ಎಸ್ಸಿ. ಬ್ಯಾಚು. ಪಿ.ಸಿ.ಎಂ. (ಫಿಸಿಕ್ಸ್-ಕೆಮಿಸ್ಟ್ರಿ-ಗಣಿತ), ಸಿ.ಬಿ.ಝಡ್. (ಕೆಮಿಸ್ಟ್ರಿ-ಬಾಟನಿ-ಝೂವಾಲಜಿ) ಎರಡೂ ಸೇರಿ 130ರ ಆಸುಪಾಸು. ಕೆಮಿಸ್ಟ್ರಿ ಓದಿದ ಕೆಲವರು ಥಾಣೆ-ಬೇಲಾಪುರ ಪಟ್ಟಿಯ ಕಾರ್ಖಾನೆಗಳಿಗೆ ಬಂದೆವು, ಇನ್ನು ಕೆಲವರು ಪುಣೆ ಕಡೆ ಭೋಸರಿ, ಪಿಂಪ್ರಿ ಸೇರಿದರು. ಮುಂಬೈ-ಪುಣೆ ಸೇರಿ ಈಗಲೂ 25 ಜನ ಇದ್ದೇವೆ. ಉಳಿದವರು ಹುಬ್ಬಳ್ಳಿಯಿಂದ ಹ್ಯೂಸ್ಟನ್ ತನಕ ಚದುರಿದ್ದಾರೆ.

ಯಾಹೂ ಗ್ರೂಪಿನ ಕಾಲವನ್ನೂ ಆರ್ಕುಟ್ ಕಾಲವನ್ನೂ ಒಂದೇ ಸಾಲಿನಲ್ಲಿ ಮುಗಿಸುತ್ತೇನೆ. ಎರಡರಲ್ಲೂ ಮಾತಾಡುತ್ತಿದ್ದವರು ಅದೇ ಏಳೆಂಟು ಜನ. ಆರ್ಕುಟ್ 2014ರಲ್ಲಿ ಬಾಗಿಲು ಹಾಕಿತು, ಯಾಹೂ ಗ್ರೂಪ್ಸ್ 2020ರಲ್ಲಿ. ನಮ್ಮ ಗ್ರೂಪು ಅದಕ್ಕೂ ಮುಂಚೆಯೇ ತಣ್ಣಗಾಗಿತ್ತು.

ಹೇಳಬೇಕಾದದ್ದು 2012ರ ಪುಸ್ತಕದ ವಿಷಯ. ಪಾಸಾಗಿ 25 ವರ್ಷ ತುಂಬಿತೆಂದು ವಿಳಾಸಗಳ ಸಮೇತ ಪುಸ್ತಕ ಮಾಡಿದೆವು. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಸಿ, ದಾದರಿನ ಪ್ರೆಸ್ಸಿನಲ್ಲಿ 150 ಪ್ರತಿ ಹಾಕಿಸಿ, ಅಂಚೆ ಖರ್ಚೂ ಸೇರಿ 14 ಸಾವಿರದ ಹತ್ತಿರ ಹೋಯಿತು. ತಲಾ 200 ಕೊಡುತ್ತೇವೆ ಎಂದವರಲ್ಲಿ ಅರ್ಧ ಜನ ಕೊಡಲಿಲ್ಲ, ಮಿಕ್ಕದ್ದು ನನ್ನ ಕಿಸೆಯಿಂದ. ಮೂರರಲ್ಲೊಂದು ಪ್ರತಿ ಕೆಂಪು ಶಾಯಿಯಲ್ಲಿ "ಲೆಫ್ಟ್" ಎಂದು ಬರೆಸಿಕೊಂಡು ವಾಪಸು ಬಂತು. ಮುಂಬೈಯವರ ವಿಳಾಸ ಲೋಕಲ್ ರೈಲಿನ ಸೆಂಟ್ರಲ್ ಲೈನಿನಲ್ಲಿ ನಾಲ್ಕೈದು ವರ್ಷಕ್ಕೊಮ್ಮೆ ಒಂದಷ್ಟು ಸ್ಟೇಷನ್ ಆಚೆ ಸರಿಯುತ್ತದೆ: ಕುರ್ಲಾ, ಮುಲುಂಡ್, ಡೊಂಬಿವಲಿ, ಬದಲಾಪುರ. ಅದನ್ನು ಅಚ್ಚು ಹಾಕಿಸಿ ಏನು ಪ್ರಯೋಜನ? ಉಳಿದ ಪ್ರತಿಗಳನ್ನು ಹೆಂಡತಿ ಎರಡು ವರ್ಷ ಅಟ್ಟದ ಮೇಲೆ ಇಟ್ಟುಕೊಂಡಳು, ಆಮೇಲೆ ಏನಾಯಿತೆಂದು ನಾನು ಕೇಳಲಿಲ್ಲ.

ಆಮೇಲೆ ವಾಟ್ಸಾಪ್ ಗ್ರೂಪು. ಬೆಳಿಗ್ಗೆ ಹೂವಿನ ಚಿತ್ರ, ಮಧ್ಯಾಹ್ನ ಮಧುಮೇಹದ ಮನೆಮದ್ದು, ರಾತ್ರಿ ರಾಜಕೀಯ. ಒಬ್ಬನ ತಾಯಿ ತೀರಿಕೊಂಡ ಸುದ್ದಿ ಎರಡು ಜೋಕುಗಳ ನಡುವೆ ಬಂದು ಮುಳುಗಿಹೋಯಿತು. ಪಕ್ಕದ ಓಣಿಯವನಿಗೂ ಗೊತ್ತಾಗಲಿಲ್ಲ. 2019ರ ಚುನಾವಣೆ ಹೊತ್ತಿಗೆ 30 ಜನ ಗ್ರೂಪ್ ಬಿಟ್ಟಿದ್ದರು. ಸುದ್ದಿ ಇದ್ದವರು ಸುಮ್ಮನಿರುತ್ತಾರೆ, ಸುದ್ದಿ ಇಲ್ಲದವರು ದಿನಕ್ಕೆ ಹತ್ತು ಸಲ ಬರೆಯುತ್ತಾರೆ. ಇದು ಎಲ್ಲ ಬ್ಯಾಚಿನಲ್ಲೂ ಹೀಗೇ ಎಂದು ಕೇಳಿದ್ದೇನೆ.

ನಡುವೆ ಅಮೆರಿಕದ ಗೆಳೆಯನೊಬ್ಬ ಗೂಗಲ್ ಫಾರ್ಮ್ ಮಾಡಿಕೊಟ್ಟ. ಹೆಸರು, ಊರು, ಹುದ್ದೆ, ಮಕ್ಕಳು, "ಜೀವನದ ಮೈಲಿಗಲ್ಲುಗಳು". ಹತ್ತೋ ಹನ್ನೊಂದೋ ಉತ್ತರ ಬಂದವು, ಅದರಲ್ಲಿ ಎರಡು ಅವನವೇ. ನವಲಗುಂದದಲ್ಲಿ ಕಡಲೆ ಬೆಳೆಯುವ ನಮ್ಮ ಗೆಳೆಯ ಮೈಲಿಗಲ್ಲಿನ ಖಾನೆಯಲ್ಲಿ ಏನು ಬರೆಯಬೇಕು?

ಈಗಿನ ಪದ್ಧತಿಗೆ ಬರುತ್ತೇನೆ. ಎರಡು ತಿಂಗಳಿಗೊಂದು ಹಾಳೆ. ಗ್ರೂಪಿಗೆ ಹಾಕುವುದಿಲ್ಲ, ಬ್ರಾಡ್‌ಕಾಸ್ಟ್ ಲಿಸ್ಟಿನಿಂದ ಒಬ್ಬೊಬ್ಬರಿಗೂ ಬೇರೆಯಾಗಿ ಹೋಗುತ್ತದೆ. ಒಂದು ಲಿಸ್ಟಿಗೆ 256 ಜನ, ನಮಗೆ ಧಾರಾಳ. ತೊಡಕೆಂದರೆ, ನಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ಮುಟ್ಟುತ್ತದೆ. ಹಾಗಾಗಿ ಮೊದಲ ಫೋನಿನಲ್ಲೇ "ನಂಬರ್ ಸೇವ್ ಮಾಡಿ, ಒಂದು 'ಹೂಂ' ಅಂತ ಕಳಸು" ಎಂದು ಹೇಳಿ, ಅದು ಬರುವ ತನಕ ಫೋನ್ ಇಡುವುದಿಲ್ಲ. ಪಿ.ಡಿ.ಎಫ್. ಯಾರೂ ತೆರೆಯುವುದಿಲ್ಲ. ಚಿತ್ರ ಮಾಡಿ ಕಳಿಸಿದರೆ ಚಾಳೀಸು ದಾಟಿದ ಕಣ್ಣಿಗೆ ಹಿಗ್ಗಿಸಿ ಹಿಗ್ಗಿಸಿ ಬೇಜಾರು. ಸಾದಾ ಯೂನಿಕೋಡ್ ಅಕ್ಷರ, ಒಂದು ಸುದ್ದಿಗೆ ನಾಲ್ಕೈದು ಸಾಲು. ಪ್ರೊಫೆಸರ್ ಆಗಿ ನಿವೃತ್ತನಾದ ಒಬ್ಬ ಮಾತ್ರ ಇನ್ನೂ ನುಡಿಯ ಹಳೇ ಫಾಂಟಿನಲ್ಲೇ ಬರೆದು ಕಳಿಸುತ್ತಾನೆ. ಫೋನಿನಲ್ಲಿ ಅದು ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಕನ್ವರ್ಟ್ ಮಾಡಿದ ಮೇಲೂ ಒತ್ತಕ್ಷರಗಳನ್ನು ಕೈಯಿಂದ ತಿದ್ದಬೇಕು.

ಸುದ್ದಿ ಸಿಗುವುದು ಫೋನಿನಲ್ಲಿ, ಅದೂ ರಾತ್ರಿ ಊಟವಾದ ಮೇಲೆ. "ಏನ್ ಸುದ್ದಿ?" ಎಂದು ಕೇಳಿದರೆ "ಏನಿಲ್ಲಪಾ, ನಡದದ" ಎಂಬ ಉತ್ತರ ಖಾತ್ರಿ, ಕರೆ ಅಲ್ಲಿಗೆ ಮುಗಿಯಿತು. ನಾನು ಕೇಳುವುದೇ ಇಲ್ಲ, ತಪ್ಪು ಹೇಳುತ್ತೇನೆ. "ನೀ ಇನ್ನೂ ಬೆಳಗಾವಿ ಬ್ರಾಂಚಿನ್ಯಾಗ ಇದ್ದೀಯಂತಲ್ಲ?" ಎಂದರೆ ಸಾಕು. "ಯಾರ್ ಹೇಳಿದ್ರು ನಿನಗ? ನಾ ವಿ.ಆರ್.ಎಸ್. ತೊಗೊಂಡು ಮೂರು ವರ್ಷಾತು" ಎಂದು ಶುರುವಾದವನು ಮಗಳ ಬಾಣಂತನದ ತನಕ ಹೇಳಿ ಮುಗಿಸುತ್ತಾನೆ. ಪ್ರಶ್ನೆಗೆ ಉತ್ತರ ಕೊಡದವನೂ ತಪ್ಪನ್ನು ತಿದ್ದದೆ ಬಿಡುವುದಿಲ್ಲ. ಎರಡನೆಯದು, ಅವನ ಸುದ್ದಿಯನ್ನು ಅವನನ್ನೇ ಕೇಳಬೇಡಿ, ಅವನ ಹಾಸ್ಟೆಲ್ ಜೊತೆಗಾರನನ್ನು ಕೇಳಿ. ತನ್ನ ಮಗನಿಗೆ ಬಂದ ಬಹುಮಾನದ ಬಗ್ಗೆ ಹೇಳಿಕೊಳ್ಳಲು ಸಂಕೋಚಪಡುವವನು ಗೆಳೆಯನ ಮಗನದನ್ನು ಸಂತೋಷದಿಂದ ಹೇಳುತ್ತಾನೆ. ಆಮೇಲೆ ಇವನಿಗೆ ಫೋನ್ ಮಾಡಿ "ಹಾಕಲಾ?" ಎಂದು ಒಪ್ಪಿಗೆ ಪಡೆಯುವುದು. ಒಪ್ಪಿಗೆಯಿಲ್ಲದೆ ಒಂದು ಸಾಲೂ ಹೋಗುವುದಿಲ್ಲ. ಮೂರನೆಯದೊಂದು ಇದೆ. ಅದನ್ನು ಬರೆದರೆ ನಮ್ಮವರೇ ಓದಿ ಎಚ್ಚರವಾಗುತ್ತಾರೆ, ಬೇಡ.

ಕೆಲಸದಲ್ಲಿದ್ದಾಗ ಲೋಕಲಿನಲ್ಲಿ ಕೂತು ಫೋನ್ ಮಾಡುವ ಪ್ರಯೋಗವನ್ನೂ ಮಾಡಿದ್ದೆ. ಆಗ ಫಾಸ್ಟ್ ಲೋಕಲುಗಳು ಪಾರ್ಸಿಕ್ ಸುರಂಗದೊಳಗಿಂದಲೇ ಹೋಗುತ್ತಿದ್ದವು. ಮಾತು ಬಿಸಿಯೇರುವ ಹೊತ್ತಿಗೆ ಸುರಂಗ ಬಂದು ಕಡಿದುಹೋಗುತ್ತಿತ್ತು. ಸುರಂಗ ಇಲ್ಲದಿದ್ದರೂ ಅದು ಆಗದ ಕೆಲಸ. ಹಿಂದೆ ಗದ್ದಲ ಕೇಳಿಸಿದರೆ ಯಾರೂ ಮನಸ್ಸು ಬಿಚ್ಚುವುದಿಲ್ಲ, "ಆಮ್ಯಾಲ ಮಾಡ್ತೇನಿ" ಎಂದು ಇಟ್ಟುಬಿಡುತ್ತಾರೆ.

ಹುಡುಗಿಯರನ್ನು ಹುಡುಕುವುದು ಎಲ್ಲಕ್ಕಿಂತ ಕಷ್ಟ. (ಅರವತ್ತಕ್ಕೆ ಬಂದರೂ ನಮಗೆ ಅವರು ಹುಡುಗಿಯರೇ, ಅವರೂ ಹಾಗೇ ಕರೆಸಿಕೊಳ್ಳುತ್ತಾರೆ.) ಮದುವೆಯಾದ ಮೇಲೆ ಅಡ್ಡಹೆಸರು ಹೋಯಿತು ಸರಿ, ನಮ್ಮ ಕಡೆ ಕೆಲವು ಮನೆತನಗಳಲ್ಲಿ ಇಟ್ಟ ಹೆಸರೇ ಬದಲಾಗುತ್ತದೆ. ಫೇಸ್‌ಬುಕ್ಕಿನಲ್ಲಿ ಹುಡುಕಿದರೆ ಏನು ಸಿಗಬೇಕು? ಕಾಲೇಜು ಮಿಸಲೇನಿಯ (ವಾರ್ಷಿಕ ಸಂಚಿಕೆಯ) ಫೋಟೋದಲ್ಲಿ ಸಾಲುಸಾಲಾಗಿ ಹೆಸರಿತ್ತು, ತವರಿನ ಹೆಸರು. ಸುಮಾರು 35 ಜನರಲ್ಲಿ ಆರೇಳು ಮಂದಿ ಬಿಟ್ಟು ಎಲ್ಲರನ್ನೂ ಮುಟ್ಟಿದ್ದೇನೆ. ಬ್ಯಾಚಿನ ಬೇರೆ ಯಾರಿಗೂ ಇದು ಆಗಿರಲಿಲ್ಲ. ಹೇಗೆಂದು ಪೂರ್ತಿ ಹೇಳಲಾರೆ. ದಾರಿ ಅಣ್ಣತಮ್ಮಂದಿರ ಮೂಲಕ ಹೋಗುವುದಿಲ್ಲ, ಅವರು ಮೊದಲು ನಮ್ಮ ಜಾತಕವನ್ನೇ ಕೇಳುತ್ತಾರೆ. ಒಬ್ಬಾಕೆ ಸಿಕ್ಕ ಮೇಲೆ ಮುಂದಿನ ಫೋನುಗಳನ್ನು ಅವಳೇ ಮಾಡುವಂತೆ ಬಿಡಬೇಕು ಎಂಬಷ್ಟು ಮಾತ್ರ ಬಿಟ್ಟುಕೊಡುತ್ತೇನೆ. ಇಬ್ಬರು "ನನ್ನ ನಂಬರ್ ಯಾರಿಗೂ ಬ್ಯಾಡ, ಹಾಳಿ ಕಳಸ್ರಿ ಸಾಕು" ಎಂದರು. ಅವರ ಹೆಸರು ನನ್ನ ಎಕ್ಸೆಲ್ಲಿನಲ್ಲೂ ಇಲ್ಲ, ಬೇರೆ ಡೈರಿಯಲ್ಲಿದೆ.

ಸಾವಿನ ಸುದ್ದಿಗೆ ನನ್ನದೊಂದು ಕಟ್ಟುನಿಟ್ಟು. 30 ವರ್ಷ ಕ್ಯೂ.ಸಿ. (ಗುಣಮಟ್ಟ ಪರೀಕ್ಷೆಯ) ಲ್ಯಾಬಿನಲ್ಲಿ ಇದ್ದವನು ನಾನು, ಒಂದೇ ರೀಡಿಂಗ್ ನಂಬುವುದಿಲ್ಲ. 2021ರ ಏಪ್ರಿಲ್-ಮೇನಲ್ಲಿ ಗ್ರೂಪಿನವರು ಬದುಕಿದ್ದವನಿಗೇ ಓಂ ಶಾಂತಿ ಹೇಳಿದ್ದರು. ಆತ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿಸಿಕೊಂಡು ಅದನ್ನೆಲ್ಲ ಓದುತ್ತಿದ್ದ, ಈಗ ಅದನ್ನೇ ನಗೆಚಾಟಿಕೆ ಮಾಡಿ ಹೇಳುತ್ತಾನೆ. ಅದೇ ಎರಡು ತಿಂಗಳಲ್ಲಿ ನಿಜವಾಗಿಯೂ ನಾಲ್ವರು ಹೋದರು. ಅವರಲ್ಲಿ ಇಬ್ಬರ ವಿಷಯ ಗ್ರೂಪಿನವರಿಗೆ ತಿಳಿದದ್ದು ದಸರೆ ಹೊತ್ತಿಗೆ. ಹಾಳೆಯನ್ನು ಹಟ ಹಿಡಿದು ಶುರುಮಾಡಿದ್ದು ಅದಾದ ಮೇಲೆಯೇ. ಈಗ ಇಬ್ಬರ ಬಾಯಿಂದ ಬೇರೆಬೇರೆಯಾಗಿ ಕೇಳಿ, ಮನೆಯವರೊಬ್ಬರ ಜೊತೆ ಮಾತಾಡಿದ ಮೇಲೆಯೇ ಹಾಕುವುದು. ಹುಬ್ಬಳ್ಳಿಯಲ್ಲಿರುವ ಸೋದರಳಿಯ ಸಂಯುಕ್ತ ಕರ್ನಾಟಕದ ನಿಧನ ವಾರ್ತೆಗಳ ಫೋಟೋ ತೆಗೆದು ಕಳಿಸುತ್ತಿರುತ್ತಾನೆ; ಇಲ್ಲಿ ಮುಂಬೈಯ ಕನ್ನಡ ಪತ್ರಿಕೆ ಕರ್ನಾಟಕ ಮಲ್ಲವನ್ನು ನಾನೇ ನೋಡುತ್ತೇನೆ. ಹಾಳೆಯಲ್ಲಿ ಕಾಯಿಲೆಯ ವಿವರ ಬರುವುದಿಲ್ಲ. ಪ್ರಾಕ್ಟಿಕಲ್ಲಿನಲ್ಲಿ ಬ್ಯೂರೆಟ್ ಒಡೆದದ್ದು, ಸಪ್ತಾಪುರದ ರೂಮಿನಲ್ಲಿ ಅನ್ನ ಸೀದದ್ದು, ಅಂಥ ನಾಲ್ಕು ಸಾಲು.

ಏನು ಹಾಕಬೇಕು ಎಂಬುದಕ್ಕಿಂತ ಯಾವುದನ್ನು ಮೊದಲು ಹಾಕಬೇಕು ಎಂಬುದೇ ದೊಡ್ಡ ಪ್ರಶ್ನೆ. ಆರಂಭದ ಸಂಚಿಕೆಗಳಲ್ಲಿ ಬಡ್ತಿ, ಫಾರಿನ್ ಟೂರು, ಮಗನ ಎಂ.ಎಸ್. ಮೇಲುಗಡೆ ಇದ್ದವು. ಮೂರನೆಯ ಸಂಚಿಕೆ ಹೊತ್ತಿಗೆ ಅರ್ಧ ಜನ ಫೋನ್ ಎತ್ತುವುದನ್ನೇ ಬಿಟ್ಟರು. ಮಗನಿಗೆ ಕೆಲಸ ಸಿಗದವನು, ಅಂಗಡಿ ಮುಚ್ಚಿದವನು ಅದನ್ನೇಕೆ ಓದಬೇಕು? ಕ್ರಮ ತಿರುಗಿಸಿದೆ. ಈಗ ಮೊದಲು ಬರುವುದು ನವಲಗುಂದದ ಕಡಲೆ, ಅಣ್ಣಿಗೇರಿಯ ಮಳೆ, ಹೈಸ್ಕೂಲಿನಿಂದ ನಿವೃತ್ತಳಾದವಳು ಓಣಿಯ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿರುವುದು. ಕ್ಯಾಲಿಫೋರ್ನಿಯಾ ಕೊನೆಗೆ, ಎರಡೇ ಸಾಲಿನಲ್ಲಿ. ಅಲ್ಲಿಯವರು ಮುನಿಸಿಕೊಂಡರು. ಆದರೆ ಉತ್ತರಗಳು ಆಮೇಲೆಯೇ ಹೆಚ್ಚಿದವು, ಆ ಮುನಿಸಿಕೊಂಡವರಿಂದಲೂ.

ದುಡ್ಡು. ವರ್ಷಕ್ಕೆ 200 ರೂಪಾಯಿ ಚಂದಾ ಎಂದು ಒಮ್ಮೆ ಇಟ್ಟೆ. ಯು.ಪಿ.ಐ. ಇದ್ದರೂ ಕೇಳುವ ಕೆಲಸ ತಪ್ಪುವುದಿಲ್ಲ. ಸುದ್ದಿಗೆಂದು ಮಾಡಿದ ಫೋನು ವಸೂಲಿ ಫೋನಾಯಿತು. ವಿಮಾ ಏಜೆಂಟ್ ಆಗಿರುವ ಗೆಳೆಯನೊಬ್ಬ ಜಾಹೀರಾತಿಗೆ 5 ಸಾವಿರ ಕೊಟ್ಟ. ಒಂದು ಸಂಚಿಕೆಯಲ್ಲಿ ಹಾಕಿದ್ದೇ ತಡ, ನಾನೂ ಪಾಲಿಸಿ ಮಾರಲು ಫೋನ್ ಮಾಡುತ್ತಿದ್ದೇನೆಂದು ಜನ ತಿಳಿದರು. ಎರಡನ್ನೂ ನಿಲ್ಲಿಸಿದೆ. ಈಗ ಒಂದು ಸಂಚಿಕೆಗೆ 500-600 ತಗಲುತ್ತದೆ, ವಾಟ್ಸಾಪ್ ಇಲ್ಲದ ಸುಮಾರು 15 ಜನರಿಗೆ ದಪ್ಪ ಅಕ್ಷರದಲ್ಲಿ ಪ್ರಿಂಟ್ ತೆಗೆಸಿ ಅಂಚೆಗೆ ಹಾಕಲು. ಅದನ್ನು ಮೂವರು ಹಂಚಿಕೊಳ್ಳುತ್ತೇವೆ, ಉಳಿದಿಬ್ಬರ ಹೆಸರು ಹೇಳಕೂಡದೆಂಬುದು ಕರಾರು. ಆ ಲಕೋಟೆಯೊಳಗೆ ನನ್ನ ವಿಳಾಸ ಬರೆದ ಖಾಲಿ ಅಂಚೆ ಕಾರ್ಡೊಂದನ್ನು ಇಟ್ಟು ನೋಡಿದೆ. ಕಾರ್ಡಿಗೆ 50 ಪೈಸೆ. ಹೆಚ್ಚುಕಡಿಮೆ ಅರ್ಧದಷ್ಟು ತುಂಬಿಕೊಂಡು ವಾಪಸು ಬಂದವು! ಗೂಗಲ್ ಫಾರ್ಮಿಗಿಂತ ಎಷ್ಟೋ ವಾಸಿ.

ಇನ್ನೊಂದಿಷ್ಟು ಅಡ್ಡ ಪ್ರಯೋಗಗಳು. ದನಿಯಲ್ಲೇ ಸುದ್ದಿ ಓದಿ ಕಳಿಸಿದೆ. ಹತ್ತು ನಿಮಿಷದ್ದನ್ನು ಯಾರೂ ಪೂರ್ತಿ ಕೇಳಲಿಲ್ಲ, ಆದರೆ ಕಣ್ಣಿನ ಆಪರೇಷನ್ ಆದ ಇಬ್ಬರು ಈಗಲೂ ಕೇಳಿ ತರಿಸಿಕೊಳ್ಳುತ್ತಾರೆ. ಫೋನಿಗೆ ಮಾತಾಡಿ ಟೈಪ್ ಮಾಡಿಸುವುದು ಶಿಷ್ಟ ಕನ್ನಡಕ್ಕೆ ಸರಿ, ನಮ್ಮ ಧಾರವಾಡದ ಮಾತಿಗೆ ಅದು ತಬ್ಬಿಬ್ಬಾಗುತ್ತದೆ. ಮುಂಬೈಯವರು ವರ್ಷಕ್ಕೆರಡು ಸಲ ಮಾಟುಂಗಾ ಸ್ಟೇಷನ್ ಹತ್ತಿರದ ರಾಮಾ ನಾಯಕರ ಬೋರ್ಡಿಂಗಿನಲ್ಲಿ ಬಾಳೆಲೆ ಊಟಕ್ಕೆ ಸೇರುತ್ತೇವೆ. 1942ರಿಂದ ನಡೆದು ಬಂದ ಜಾಗ, ಸಾಲಿನಲ್ಲಿ ಕಾಯಬೇಕು. ಆ ಸಾಲಿನಲ್ಲಿ ಸಿಗುವಷ್ಟು ಸುದ್ದಿ ಊಟದಲ್ಲಿ ಸಿಗುವುದಿಲ್ಲ.

ಲೆಕ್ಕ ಹೇಳುವುದಾದರೆ 130ರಲ್ಲಿ 105ರ ಆಚೀಚೆ ಜನ ಸಂಪರ್ಕದಲ್ಲಿದ್ದಾರೆ, ಹದಿನಾಲ್ಕೋ ಹದಿನೈದೋ ಮಂದಿ ತೀರಿಕೊಂಡಿದ್ದಾರೆ, ಉಳಿದವರ ಪತ್ತೆಯಿಲ್ಲ. ಪುಣೆಯ ನಿಗಡಿ ಪ್ರಾಧಿಕರಣದಲ್ಲಿ ಇಬ್ಬರು ಹನ್ನೆರಡು ವರ್ಷ ಅಕ್ಕಪಕ್ಕದ ಸೆಕ್ಟರಿನಲ್ಲಿದ್ದೂ ಒಬ್ಬರಿಗೊಬ್ಬರು ಗೊತ್ತಿರಲಿಲ್ಲ. ಇಬ್ಬರೂ ಅದೇ ಗ್ರೂಪಿನಲ್ಲಿ ದಿನಾ ಹೂವಿನ ಚಿತ್ರ ಹಾಕುತ್ತಿದ್ದವರು! ಹಾಳೆಯಲ್ಲಿ ಊರಿನ ಜೊತೆ ಬಡಾವಣೆಯ ಹೆಸರನ್ನೂ ಹಾಕಿದ ಮೇಲೆ ತಿಳಿಯಿತು. ಈಗ ಇಬ್ಬರೂ ಒಟ್ಟಿಗೆ ವಾಕಿಂಗ್ ಹೋಗುತ್ತಾರೆ, ಅಲ್ಲಿಂದಲೇ ನನಗೆ ಫೋನ್ ಮಾಡುತ್ತಾರೆ.

ಮೊನ್ನೆ 1990ರ ಬ್ಯಾಚಿನ ಒಬ್ಬ ನನ್ನ ಎಕ್ಸೆಲ್ ಕೇಳಿದ. ಖಾನೆಗಳನ್ನು ಕೊಟ್ಟೆ, ಒಳಗಿನ ನಂಬರುಗಳನ್ನು ಕೊಡಲಿಲ್ಲ. ನನ್ನಲ್ಲಿರುವ ಖಾನೆಗಳಲ್ಲಿ "ಯಾರು ಹೇಳಿದ್ದು", "ಒಪ್ಪಿಗೆ ಕೊಟ್ಟ ದಿನ" ಎಂಬ ಎರಡು ಇಲ್ಲದಿದ್ದರೆ ಮಿಕ್ಕದ್ದೆಲ್ಲ ದಂಡ. ತಿಂಗಳಾದ ಮೇಲೆ ಅವನ ಫೋನು: ಯಾರೂ ಉತ್ತರಿಸುತ್ತಿಲ್ಲ, ಎಲ್ಲರಿಗೂ ಗೂಗಲ್ ಫಾರ್ಮ್ ಕಳಿಸಿದ್ದೇನೆ ಎಂದ. ಅದನ್ನು ತೆಗೆದುಹಾಕಿ, ಮೊದಲು ತನ್ನ ಹಾಸ್ಟೆಲ್ ಬ್ಲಾಕಿನ ಹತ್ತು ಜನಕ್ಕೆ ಫೋನ್ ಮಾಡಿ ತಪ್ಪು ತಪ್ಪಾಗಿ ಸುದ್ದಿ ಹೇಳು ಎಂದಿದ್ದೇನೆ.