ಎಂಜಿನ್ ಇಳಿಸದೆ ಚೈನ್ ಗೈಡ್ ಬದಲಿಸಿದ್ದು: ನನ್ನ ಅನುಭವ

ನನ್ನ ಹಳೆಯ ವಿ8 ಸೆಡಾನಿನ ಟೈಮಿಂಗ್ ಚೈನ್ ಗೈಡ್‌ಗಳನ್ನು (ಕ್ರ್ಯಾಂಕ್ ಶಾಫ್ಟಿನಿಂದ ವಾಲ್ವ್ ತೆರೆಯುವ ಕ್ಯಾಮ್ ಶಾಫ್ಟುಗಳನ್ನು ತಿರುಗಿಸುವ ಚೈನು ಅಲುಗದಂತೆ ಹಿಡಿಯುವ ಪ್ಲಾಸ್ಟಿಕ್ ಪಟ್ಟಿಗಳನ್ನು) ಎಂಜಿನ್ ಇಳಿಸದೆಯೇ ಬದಲಿಸುತ್ತೇನೆ ಎಂದಾಗ ಮೂವರು ಮೆಕ್ಯಾನಿಕ್‌ಗಳು ಆಗದ ಮಾತು ಎಂದರು. ಅವರಲ್ಲಿ ಹಿರಿಯರಾದವರು, "ಅರ್ಧ ಬಿಚ್ಚಿ ಆಮೇಲೆ ನಮ್ಮಲ್ಲಿಗೇ ಎಳೆಸಿಕೊಂಡು ಬರುತ್ತೀರಿ ಸಾರ್" ಎಂದೂ ಹೇಳಿದರು. ಆ ಕೆಲಸ ಮುಗಿದು ಈಗ ಹೆಚ್ಚುಕಡಿಮೆ ನಲವತ್ತು ಸಾವಿರ ಕಿಲೋಮೀಟರ್ ಓಡಿದೆ, ಮುಂಜಾನೆಯ ತಣ್ಣನೆಯ ಸ್ಟಾರ್ಟಿನಲ್ಲೂ ಗಡಗಡ ಸದ್ದಿಲ್ಲ. ಆದ್ದರಿಂದ ಇದನ್ನು ಬರೆಯುವ ಹಕ್ಕು ನನಗೆ ಬಂದಿದೆ ಎಂದುಕೊಂಡಿದ್ದೇನೆ. ನನ್ನ ಎಂಜಿನ್ನಿನಲ್ಲಿ ಚೈನ್ ಮುಂಭಾಗದಲ್ಲಿದೆ. ಹಿಂಭಾಗದಲ್ಲಿ, ಗೇರ್‌ಬಾಕ್ಸಿನ ಕಡೆಗೆ ಚೈನ್ ಇರುವ ಎಂಜಿನ್ನಿನವರು ಈ ದಾರಿಯನ್ನು ಹಿಡಿಯಬೇಡಿ.

ಹಣದ ಲೆಕ್ಕವನ್ನು ಒಂದು ಅಳತೆಯಲ್ಲಿ ಹೇಳುತ್ತೇನೆ. ಕಾರು ಕೊಂಡ ಬೆಲೆಯನ್ನು ನೂರು ಎಂದಿಟ್ಟುಕೊಳ್ಳಿ. ಎಂಜಿನ್ ಇಳಿಸಿ ಗೈಡ್ ಹಾಕಿಕೊಡಲು ಒಂದು ಗ್ಯಾರೇಜು ಕೇಳಿದ್ದು ಸುಮಾರು ತೊಂಬತ್ತು, ಇನ್ನೊಂದು ಕೇಳಿದ್ದು ನೂರ ಹತ್ತು. ಎರಡನೆಯವರು ಲೆಕ್ಕದ ಚೀಟಿ ಕೊಡುತ್ತಾ ಕಾರನ್ನು ಗುಜರಿಗೆ ಹಾಕುವ ಸಲಹೆಯನ್ನೂ ಪುಕ್ಕಟೆಯಾಗಿ ಕೊಟ್ಟರು.

ಆದರೆ ನನ್ನ ಮೊದಲ ಹಣ ಹೋದದ್ದು ಚೈನಿಗಲ್ಲ, ಕೂಲೆಂಟಿಗೆ. ಸಾವಿರ ಕಿಲೋಮೀಟರಿಗೆ ಅರ್ಧ ಲೀಟರಿನಷ್ಟು ಕೂಲೆಂಟ್ ಮಾಯವಾಗುತ್ತಿತ್ತು, ನೆಲದ ಮೇಲೆ ಮಾತ್ರ ಒಂದು ಹನಿಯೂ ಇರುತ್ತಿರಲಿಲ್ಲ. ವಯಸ್ಸಾದ ಪ್ಲಾಸ್ಟಿಕ್ಕೇ ಅಪರಾಧಿ ಎಂದು ತೀರ್ಮಾನಿಸಿ ಮೊದಲು ಎಕ್ಸ್‌ಪ್ಯಾನ್ಷನ್ ಟ್ಯಾಂಕ್, ಆಮೇಲೆ ಥರ್ಮೋಸ್ಟ್ಯಾಟ್, ಕೊನೆಗೆ ವಾಟರ್ ಪಂಪನ್ನೂ ಬದಲಿಸಿದೆ. ಹೀಗೆ ಹದಿನಾಲ್ಕರಷ್ಟು ಕರಗಿತು, ಕೂಲೆಂಟ್ ಹೋಗುವುದು ನಿಲ್ಲಲಿಲ್ಲ. ಹೆಡ್ ಗ್ಯಾಸ್ಕೆಟ್ ಹೋಗಿರಬಹುದೆಂದು ಹೆದರಿ ರಾಸಾಯನಿಕ ಪರೀಕ್ಷೆ ಮಾಡಿದರೆ ದ್ರವದ ನೀಲಿ ಬಣ್ಣ ಹಳದಿಗೆ ತಿರುಗಲಿಲ್ಲ. ಆಮೇಲೆ, ಮೊದಲೇ ಮಾಡಬೇಕಾಗಿದ್ದ ಕೆಲಸವನ್ನು ಮಾಡಿದೆ. ತಣ್ಣನೆಯ ಎಂಜಿನ್ನಿಗೆ ಮುಚ್ಚಳದ ಮೇಲೆ ಬರೆದಿರುವಷ್ಟೇ ಒತ್ತಡ ಕೊಟ್ಟು ರಾತ್ರಿಯಿಡೀ ಬಿಟ್ಟೆ. ಬೆಳಗ್ಗೆ ಮುಳ್ಳು 1.4 ಬಾರ್‌ನಿಂದ ಒಂದರ ಆಸುಪಾಸಿಗೆ ಇಳಿದಿತ್ತು. ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿನ ಹಿಂದಿನ ಸಂದಿಯಲ್ಲಿ ಸಣ್ಣ ಕ್ಯಾಮೆರಾ ಇಳಿಬಿಟ್ಟು ನೋಡಿದಾಗ, ಎರಡು ಬ್ಯಾಂಕುಗಳ, ಅಂದರೆ ವಿ ಆಕಾರದಲ್ಲಿ ನಿಂತ ಸಿಲಿಂಡರುಗಳ ಎರಡು ಸಾಲುಗಳ, ನಡುವಿನ ಕಣಿವೆಯಲ್ಲಿ ಉಪ್ಪು ಕಟ್ಟಿದಂಥ ಬಿಳಿಯ ಚಕ್ಕೆಗಳೂ ಅವುಗಳ ನಡುವೆ ಮಡುಗಟ್ಟಿದ ಕೂಲೆಂಟೂ ಕಂಡವು. ಆ ಕಣಿವೆಯನ್ನು ಮುಚ್ಚುವ ತಟ್ಟೆಯ ರಬ್ಬರು ಕಲ್ಲಾಗಿತ್ತು. ಸೋರಿದ್ದೆಲ್ಲ ಅಲ್ಲೇ ನಿಂತು ಎಂಜಿನ್ನಿನ ಬಿಸಿಗೆ ಆವಿಯಾಗುತ್ತಿದ್ದುದರಿಂದ ನೆಲ ಒಣಗಿರುತ್ತಿತ್ತು.

ಆ ತಟ್ಟೆಯನ್ನು ಬದಲಿಸಲು ಮ್ಯಾನಿಫೋಲ್ಡ್ ಬಿಚ್ಚಲೇಬೇಕಾಗಿತ್ತು. ಅದೇ ವೇಳೆಗೆ ಎಣ್ಣೆ ಬದಲಿಸುವಾಗ ಫಿಲ್ಟರಿನ ಮಡಿಕೆಗಳಲ್ಲಿ ಕಂದು ಬಣ್ಣದ ಪ್ಲಾಸ್ಟಿಕ್ ಚೂರುಗಳು ಸಿಕ್ಕಿದ್ದವು. ಎಣ್ಣೆ ನಿಲ್ಲುವ ಸಂಪಿನ ಕೆಳಭಾಗ ಇಳಿಸಿ ನೋಡಿದರೆ ಎಣ್ಣೆ ಪಂಪಿನ ಬಾಯಲ್ಲಿರುವ ಸ್ಟ್ರೇನರಿನ ಜಾಲರಿಯ ಮೂರನೇ ಒಂದು ಭಾಗವನ್ನು ಅವೇ ಚೂರುಗಳು ಮುಚ್ಚಿದ್ದವು, ಕೆಲವು ಉಗುರಿನಷ್ಟು ದೊಡ್ಡವಾಗಿದ್ದು ಬೆರಳಲ್ಲಿ ಒತ್ತಿದರೆ ಬಿಸ್ಕತ್ತಿನಂತೆ ಮುರಿಯುತ್ತಿದ್ದವು. ಗೈಡ್ ಮುರಿದು ಚೈನ್ ಹಲ್ಲು ಹಾರಿಸುವುದಕ್ಕಿಂತ ಮುಂಚೆಯೇ ಎಣ್ಣೆ ಸಿಗದೆ ಬೇರಿಂಗ್ ಸಾಯಬಹುದು ಎಂಬುದು ಆ ಜಾಲರಿಯನ್ನು ಕೈಯಲ್ಲಿ ಹಿಡಿದಾಗ ಮನಸ್ಸಿಗೆ ನಾಟಿತು.

ರೇಡಿಯೇಟರ್, ಫ್ಯಾನ್ ಮತ್ತು ಮುಂದಿನ ಅಡ್ಡಪಟ್ಟಿಯನ್ನು ತೆಗೆದರೆ ಎಂಜಿನ್ನಿನ ಮುಂದೆ ಒಂದು ಮೊಳದಷ್ಟು ಜಾಗ ಸಿಗುತ್ತದೆ, ಅದು ಸಾಕು. ಎಲ್ಲರೂ ಹೆದರಿಸುವುದು ಕ್ರ್ಯಾಂಕ್ ಪುಲ್ಲಿಯ ಬೋಲ್ಟಿನ ವಿಷಯದಲ್ಲಿ, ಆ ಹೆದರಿಕೆ ಸುಳ್ಳಲ್ಲ. ಇಂಪ್ಯಾಕ್ಟ್ ಗನ್ನಿಗೆ ಅದು ಜಗ್ಗಲಿಲ್ಲ, ಅರ್ಧ ಇಂಚಿನ ಒಂದು ಸಾಕೆಟ್ ಸೀಳಿಹೋಯಿತು. ಮುಕ್ಕಾಲು ಇಂಚಿನ ಬಾರಿಗೆ ಒಂದೂವರೆ ಮೀಟರ್ ಪೈಪ್ ತೊಡಿಸಿ, ಸಾಕೆಟ್ ಓರೆಯಾಗದಂತೆ ಬಾರಿನ ತಲೆಯ ಕೆಳಗೆ ಸ್ಟ್ಯಾಂಡ್ ಕೊಟ್ಟು, ಫ್ಲೈವೀಲ್ ಲಾಕ್ ಹಾಕಿ ಮೈಭಾರವನ್ನೆಲ್ಲ ಬಿಟ್ಟಾಗ ಗುಂಡು ಹೊಡೆದಂತೆ ಸದ್ದಾಗಿ ಬಿಟ್ಟುಕೊಂಡಿತು. ಹಳೆಯ ಬೋಲ್ಟನ್ನು ಮತ್ತೆ ಹಾಕಬೇಡಿ. ಕೆಳಗಿನ ಕವರನ್ನು ಸಂಪಿನ ಗ್ಯಾಸ್ಕೆಟ್ ಹರಿಯದಂತೆ ಜಾರಿಸಿ ಕೂರಿಸಲು ನಾನು ಕಂಡುಕೊಂಡ ಒಂದು ಉಪಾಯವಿದೆ. ಅದಕ್ಕಾಗಿ ಎರಡು ಗ್ಯಾಸ್ಕೆಟ್ ಹಾಳು ಮಾಡಿಕೊಂಡಿದ್ದೇನೆ, ಸದ್ಯಕ್ಕೆ ಅದು ನನ್ನಲ್ಲಿಯೇ ಇರಲಿ.

ನನ್ನ ದೊಡ್ಡ ತಪ್ಪು ನಡೆದದ್ದು ಜೋಡಿಸುವಾಗ. ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ, ಕ್ಯಾಮನ್ನು ಸರಿಯಾದ ಸ್ಥಾನದಲ್ಲಿ ಹಿಡಿಯುವ ಕ್ಯಾಮ್ ಲಾಕ್ ಮತ್ತೆ ಸಲೀಸಾಗಿ ಕೂರುತ್ತದೆಯೇ ಎಂದು ಎಡ ಬ್ಯಾಂಕಿನಲ್ಲಿ ನೋಡಿದೆ. ಕತ್ತಲಾಗಿತ್ತು, ಬಲ ಬ್ಯಾಂಕ್ ಸರಿಯಿದ್ದೇ ಇರುತ್ತದೆ ಎಂದು ಮುಚ್ಚಿಬಿಟ್ಟೆ. ಮರುದಿನ ಸ್ಟಾರ್ಟ್ ಮಾಡಿದರೆ ಎಂಜಿನ್ ಕುಂಟುತ್ತಾ ಬಲ ಬ್ಯಾಂಕಿನ ಕ್ಯಾಮಿನ ದೋಷವನ್ನೇ ತೋರಿಸಿತು. ವಾಲ್ವ್ ಮತ್ತು ಪಿಸ್ಟನ್ ಒಂದಕ್ಕೊಂದು ಬಡಿಯಬಲ್ಲ ಎಂಜಿನ್ ಇದು, ಕೆಲವೇ ಡಿಗ್ರಿ ತಪ್ಪಿದ್ದರಿಂದ ಬದುಕಿಕೊಂಡೆ. ಹತ್ತು ನಿಮಿಷ ಉಳಿಸಲು ಹೋಗಿ ಪೂರ್ತಿ ಒಂದು ವಾರಾಂತ್ಯ ಮತ್ತು ಒಂದು ಜೊತೆ ಹೊಸ ಗ್ಯಾಸ್ಕೆಟ್ ಕಳೆದುಕೊಂಡೆ. ಎಲ್ಲ ಸೇರಿ ಆರು ವಾರಾಂತ್ಯ ಹಿಡಿಯಿತು.

ಜೋಡಿಸಿದ ಮೇಲೆ ಐಡಲಿನಲ್ಲಿ ಎರಡೂ ಬ್ಯಾಂಕುಗಳ ಫ್ಯೂಯಲ್ ಟ್ರಿಮ್ (ಎಂಜಿನ್ನಿನ ಕಂಪ್ಯೂಟರು ಇಂಧನವನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಲೆಕ್ಕ) ಹದಿನೇಳು ಹದಿನೆಂಟು ಶೇಕಡಾ ಮೇಲಿತ್ತು, 2500 ಆರ್‌ಪಿಎಂನಲ್ಲಿ ಬಹುತೇಕ ಸರಿಹೋಗುತ್ತಿತ್ತು. ಎಲ್ಲೋ ಗಾಳಿ ಕಳ್ಳದಾರಿಯಲ್ಲಿ ಒಳಹೋಗುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಗಾಳಿಯ ದಾರಿಗೆ ಹೊಗೆ ಊದಿ ಸೋರಿಕೆ ತೋರಿಸುವ ಹೊಗೆ ಯಂತ್ರ ಕೊಳ್ಳುವ ಬದಲು ಬಣ್ಣದ ಖಾಲಿ ಡಬ್ಬಿ, ಹಳೆಯ ಡೀಸೆಲ್ ಗ್ಲೋ ಪ್ಲಗ್, ಸ್ವಲ್ಪ ಬೇಬಿ ಆಯಿಲ್ ಮತ್ತು ಮೀನಿನ ತೊಟ್ಟಿಯ ಗಾಳಿ ಪಂಪ್ ಸೇರಿಸಿ ನಾನೇ ಒಂದನ್ನು ಮಾಡಿದೆ. ಮೊದಲ ಡಬ್ಬಿಯ ಬೆಸುಗೆ ಬಿಸಿಗೆ ಕರಗಿ ಮುಚ್ಚಳ ಕಳಚಿತು, ಎರಡನೆಯದು ಕೆಲಸ ಮಾಡಿತು. ಮ್ಯಾನಿಫೋಲ್ಡಿನ ಹಿಂಬದಿಯ, ಎಂಜಿನ್ನಿನೊಳಗಿನ ಆವಿಯನ್ನು ಮ್ಯಾನಿಫೋಲ್ಡಿಗೆ ಮರಳಿಸುವ ಕ್ರ್ಯಾಂಕ್‌ಕೇಸ್ ವೆಂಟ್ ಮುಚ್ಚಳದಿಂದ ಊದುಬತ್ತಿಯಂತೆ ಎಳೆಯಾಗಿ ಹೊಗೆ ಬಂತು. ಅದನ್ನು ಬದಲಿಸಿದ ಮೇಲೆ ಟ್ರಿಮ್ ಮೂರರ ಸುತ್ತ ಬಂದು ನಿಂತಿತು.

ಎಂಜಿನ್ನಿನದಲ್ಲದ ಇನ್ನೊಂದು ತೊಂದರೆಯೂ ಈ ಕಾರಿಗಿತ್ತು. ಬ್ರೇಕ್ ಒತ್ತಿದಾಗ 80ರಿಂದ 100ರ ವೇಗದಲ್ಲಿ ಸ್ಟೀರಿಂಗ್ ನಡುಗುವುದಕ್ಕೆ ನಾನೂ ಎಲ್ಲರಂತೆ ಡಿಸ್ಕನ್ನೇ ದೂರಿ ಎರಡು ಬಾರಿ ಲೇತಿಗೆ ಹಾಕಿಸಿದೆ. ಸೋತದ್ದು ಮುಂದಿನ ಆರ್ಮಿನ ಬುಷ್, ಅಂದರೆ ಚಕ್ರವನ್ನು ಹಿಡಿದ ಸಸ್ಪೆನ್ಷನ್ ತೋಳಿನ ಕೀಲಿನ ರಬ್ಬರು. ಹೊಸ ಬುಷ್ ಹಾಕಿ ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗಲೇ ಬೋಲ್ಟ್ ಬಿಗಿದೆ. ಕಾರು ನೆಲಕ್ಕಿಳಿದ ಕೂಡಲೇ ರಬ್ಬರು ತಿರುಚಿಕೊಂಡೇ ನಿಂತಿತು, ಆರು ಸಾವಿರ ಕಿಲೋಮೀಟರಿಗೆ ಹರಿಯಿತು. ನಡುವೆ ಪಾಲಿಯುರೆಥೇನ್ ಬುಷ್ ಹಾಕಿಯೂ ನೋಡಿದೆ. ನಡುಕ ಹೋಯಿತು, ಆದರೆ ರಸ್ತೆಯ ಪ್ರತಿಯೊಂದು ಕಲ್ಲೂ ಅಂಗೈಗೆ ಬಂದು ವರದಿ ಒಪ್ಪಿಸತೊಡಗಿದ್ದರಿಂದ ಎರಡು ತಿಂಗಳಿಗೆ ತೆಗೆದೆ. ಈಗಿರುವುದು ಮೂಲದಂಥದೇ ರಬ್ಬರು, ಬಿಗಿದದ್ದು ಕಾರಿನ ಭಾರ ಚಕ್ರದ ಮೇಲೆ ಬಿದ್ದ ನಂತರ.

ಚೀಟಿಗಳನ್ನು ನೋಡದೆ ನೆನಪಿನಿಂದ ಹೇಳುವುದಾದರೆ, ಗೈಡ್, ಚೈನ್, ಟೆನ್ಷನರ್, ಕಣಿವೆಯ ತಟ್ಟೆ ಮತ್ತು ಗ್ಯಾಸ್ಕೆಟ್‌ಗಳಿಗೆ ಇಪ್ಪತ್ತನಾಲ್ಕು, ಲಾಕ್‌ಗಳೂ ಸೇರಿ ಉಪಕರಣಗಳಿಗೆ ಏಳು, ಮುಂದಿನ ಸಸ್ಪೆನ್ಷನ್ನಿಗೆ ಒಂಬತ್ತು, ವೆಂಟಿಗೆ ಎರಡು ಹೋಗಿರಬೇಕು. ಮೊದಲು ಕೂಲೆಂಟಿನ ಹಿಂದೆ ಬಿದ್ದು ಕಳೆದ ಹದಿನಾಲ್ಕನ್ನೂ ಸೇರಿಸಿದರೆ ಐವತ್ತಾರು, ಅದರಲ್ಲಿ ಹದಿನೆಂಟರಷ್ಟು ನನ್ನ ಊಹೆಗಳಿಗೆ ತೆತ್ತ ದಂಡ. ಎಡ ಬ್ಯಾಂಕಿನ ವಾಲ್ವ್ ಕವರ್ ಹಿಂಭಾಗದಲ್ಲಿ ಇತ್ತೀಚೆಗೆ ಎಣ್ಣೆ ಒಸರತೊಡಗಿದೆ, ಬಿಸಿಯಾದಾಗ ಎಕ್ಸಾಸ್ಟಿನ ಮೇಲೆ ಬಿದ್ದು ಸುಟ್ಟ ವಾಸನೆ ಬರುತ್ತದೆ. ಗ್ಯಾಸ್ಕೆಟ್ ತಂದಿಟ್ಟಿದ್ದೇನೆ, ಈ ಸಲ ಎರಡೂ ಬ್ಯಾಂಕಿಗೆ.